ಎರಡೂ ಕೈ ಎತ್ತಿದವರು

"ಬಾಯಲ್ಲೇನು ಮಣ್ಣು ತುಂಬ್ಕೊಂಡಿದೀಯಾ? ಕೂಗೋ ಬೋಳಿಮಗನೆ! ಲಾರಿ ಬಂದು ನಿಂತು ಅರ್ಧ ಗಂಟೆ ಆಯ್ತು!"

ವ್ಯಾಪಾರಿಗಳ ಏಜೆಂಟ ಗೋದಾಮಿನ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ. ಎಂಟು ಜನ ಬಗ್ಗಿ ಪೆಟ್ಟಿಗೆಯ ಅಡಿಗೆ ಕೈ ಹಾಕಿದ್ದರು, ಆದರೆ ಎಡತುದಿಯವನ ಕಾಲು ಇನ್ನೂ ಸರಿಯಾಗಿ ಊರಿರಲಿಲ್ಲ. ಅದು ಊರುವ ಮೊದಲು ನಾನು ಕೂಗಿದ್ದರೆ ಪೆಟ್ಟಿಗೆ ನೇರ ಅವನ ಎದೆಯ ಮೇಲೆ ಬೀಳುತ್ತಿತ್ತು. ಇದು ಏಜೆಂಟನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅವನಿಗೇನು, ಬೀಳುವುದು ಅವನ ಎದೆಯ ಮೇಲಲ್ಲವಲ್ಲ.

ಕಾಲು ಊರಿತು. "ಹಿಡೀ..." ಅಂದೆ. ಎಂಟು ಬೆನ್ನುಗಳು ಬಿಗಿದವು. "ಐಸಾ!"

ಹದಿನಾರು ಕೈ ಒಮ್ಮೆಗೇ ತಲೆಯ ಮೇಲಕ್ಕೆ ಹೋದವು. ಪೆಟ್ಟಿಗೆ ಲಾರಿಯ ಹಲಗೆಯ ಮೇಲೆ ಮೆತ್ತಗೆ ಕೂತಿತು.

ಇದು ನನ್ನ ಕೆಲಸ. ಸರಕು ಶೆಡ್ಡಿನ ಮೂವತ್ತೊಂದು ಜನ ಹಮಾಲರಿಗೆ ನಾನೇ ಕೂಗುವವನು. ಎಲ್ಲರೂ ನನ್ನನ್ನು ಐಸಣ್ಣ ಅಂತಲೇ ಕರೆಯುತ್ತಾರೆ, ನನ್ನ ಹೆಂಡತಿಗೂ ಸಿಟ್ಟು ಬಂದರೆ ಅದೇ ಹೆಸರು. ಕೂಗು ಕಿವಿಗೆ ಬಿದ್ದರೆ ನಮ್ಮವರು ಯೋಚಿಸುವುದಿಲ್ಲ, ಯೋಚಿಸಲೂಬಾರದು. ಒಬ್ಬ ಕಣ್ಣು ಮಿಟುಕಿಸುವಷ್ಟು ತಡ ಮಾಡಿದರೆ ಎಲ್ಲರ ಭಾರ ಅವನೊಬ್ಬನ ಹೆಗಲಿಗೆ ಬರುತ್ತದೆ. ನನ್ನ ಬೆನ್ನು ಹೋಗಿದ್ದೂ ಹಾಗೆಯೇ. ಆಮೇಲೆ ನನ್ನ ಕೈಲಿ ಒಂದು ಕೊಡ ನೀರೂ ಎತ್ತಲಾಗುತ್ತಿರಲಿಲ್ಲ. ಕೆಲಸದ ಹಕ್ಕಿಗೆ ಕೊಡುವ ಹಮಾಲರ ಬಿಲ್ಲೆ ಇದ್ದವನನ್ನು, ಪೆಟ್ಟು ತಿಂದ ಅಂತ ಹೊರಗೆ ಹಾಕುವಂತಿಲ್ಲ ಅನ್ನುವುದು ಶೆಡ್ಡಿನ ಕಾನೂನು. ಅದಕ್ಕೇ ಗುಂಪಿನವರು ನನ್ನನ್ನು ಕೂಗುವವನಾಗಿ ಮಾಡಿ ಉಳಿಸಿಕೊಂಡರು. ಎಂಟು ವರ್ಷ ಅವರು ಎತ್ತಿದರು, ನಾನು ಕೂಗಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದನ್ನು ಕೇಳಿದಾಗ ನಿಮಗೆ ಲೆಕ್ಕ ಸರಿಯಾಗಿ ಸಿಗಲಿ.

ಆ ವರ್ಷ ಮುಕ್ತ ವ್ಯಾಪಾರದ ಕಾಯ್ದೆ ಬಂತು. ಬಂತು ಅಂದರೆ, ಬರುತ್ತದೆ ಅಂತ ಶೆಡ್ಡಿನ ಗೋಡೆಗೆ ಒಂದು ನೋಟೀಸು ಅಂಟಿಸಿದರು. ಎಲ್ಲರೂ ಅದರ ಮುಂದೆ ನಿಂತು ತಲೆ ಕೆರೆದುಕೊಂಡು ಹೋದರು. ಕೂತು ಪೂರ್ತಿ ಓದಿದವನು ಒಬ್ಬನೇ, ನನ್ನ ಭಾಮೈದ, ಹೆಂಡತಿಯ ತಮ್ಮ. ಅವನೂ ನಮ್ಮ ಗುಂಪಿನವನೇ, ಮೂವತ್ತೊಂದು ಜನರಲ್ಲಿ ಕೈ ಅತಿ ಚುರುಕು ಅವನದು. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದವನು ತಟ್ಟೆಯ ಮುಂದೆಯೇ ಶುರು ಮಾಡಿದ.

"ಭಾವ, ಇನ್ಮೇಲೆ ಯಾವ ಮಾಲು ಎಲ್ಲಿಂದ ಬೇಕಾದ್ರೂ ಬರಬೋದಂತೆ, ಎಲ್ಲಿ ಬೇಕಾದ್ರೂ ಇಳೀಬೋದಂತೆ, ಯಾರು ಬೇಕಾದ್ರೂ ಇಳಿಸ್ಬೋದಂತೆ. ಬಿಲ್ಲೆ ರದ್ದು."

"ಮಾಲು ಜಾಸ್ತಿ ಬಂದ್ರೆ ಕೆಲ್ಸಾನೂ ಜಾಸ್ತಿ ಅಲ್ವೇನೋ?"

"ಯಾರಿಗೆ ಕೆಲ್ಸ? ವ್ಯಾಪಾರಿಗಳು ಕಟ್ತಿರೋ ಹೊಸ ಯಾರ್ಡಲ್ಲಿ ಮೆಷಿನ್ನು ನಿಲ್ಲಿಸ್ತಾರೆ. ಅದೂ ಹೋಗ್ಲಿ. ಒಂಬತ್ತನೇ ಕಲಮು ಏನ್ ಹೇಳ್ತದೆ ಗೊತ್ತಾ? ಸರ್ಕಾರಕ್ಕೆ ಸರಿ ಅನ್ನಿಸಿದ್ರೆ ಯಾವ ಶೆಡ್ಡನ್ನಾದ್ರೂ ಮುಚ್ಚಬೋದು. ಕೋರ್ಟೂ ಕೇಳಂಗಿಲ್ಲ. ಅನ್ನಿಸಿದ್ರೆ ಸಾಕು!"

"ಸರ್ಕಾರದ ಮುಂದೆ ನಾವ್ಯಾವ ಲೆಕ್ಕ ಬಿಡೋ. ಅವ್ರು ಮಾಡೋದನ್ನ ಮಾಡೇ ಮಾಡ್ತಾರೆ."

"ಹಂಗಾದ್ರೆ ನಮ್ಮ ಒಪ್ಪಿಗೆ ಯಾಕ್ ಕೇಳ್ತಾರೆ? ಮುಂದಿನ ವಾರ ಅಹವಾಲು ಸಭೆ ಅಂತೆ. ಶೆಡ್ಡಿನ ಕೂಲಿಕಾರ್ರು ಒಪ್ಪಿದ್ರು ಅಂತ ಬರೆದು ಕಳಿಸ್ದೆ ಇದ್ರೆ ಈ ಕಾಯ್ದೆ ನಮ್ಮ ಶೆಡ್ಡಿಗೆ ಹತ್ತೋದೇ ಇಲ್ಲ. ಅದೊಂದೇ ಉಳ್ದಿರೋದು ನಮಗೆ. ನಾವು ಕೈ ಎತ್ತದೆ ಕೂತ್ಬಿಟ್ರೆ ಸಾಕು ಭಾವ. ಸುಮ್ನೆ ಕೂರೋದು!"

"ಸುಮ್ನೆ ಕೂರೋದು ನಿಂಗೆ ಯಾವತ್ತಾದ್ರೂ ಬಂದಿದ್ಯಾ?" ಅಂದಳು ಅವನಕ್ಕ. ಮೂವರೂ ನಕ್ಕೆವು.

ಎರಡು ದಿನ ಬಿಟ್ಟು ಏಜೆಂಟ ನನ್ನನ್ನು ಒಳಗೆ ಕರೆದ. ಅವನ ಆಫೀಸಿನ ಹೊಸ್ತಿಲನ್ನು ನಮ್ಮವರು ಯಾರೂ ದಾಟಿದವರಲ್ಲ, ಮಾತೇನಿದ್ದರೂ ಕಿಟಕಿಯಿಂದಲೇ. ಅವತ್ತು "ಬಾರಯ್ಯಾ, ಕೂತ್ಕೋ" ಅಂದ. ಮೆತ್ತನೆಯ ಕುರ್ಚಿ. ಕೂತು ಹಿಂದಕ್ಕೆ ಒರಗಿದೆ ನೋಡಿ, ಎಂಟು ವರ್ಷದಿಂದ ಸುಡುತ್ತಿದ್ದ ಬೆನ್ನಿನ ಅದೇ ಜಾಗಕ್ಕೆ ಯಾರೋ ಕೈ ಕೊಟ್ಟು ಹಿಡಿದ ಹಾಗಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು.

"ಹೊಸ ಯಾರ್ಡಿನ ಗೇಟಲ್ಲಿ ಇಂಥದ್ದೇ ಒಂದು ಕುರ್ಚಿ ಹಾಕಿಸ್ತೀನಿ. ಬಂದ ಲಾರಿ, ಹೋದ ಲಾರಿ ನೋಡ್ತಾ ಕೂತಿರೋದು. ಸಾಯೋವರೆಗೂ ನಿಂದೇ."

"ನಾನೇನ್ ಮಾಡ್ಬೇಕು ಧಣಿ?"

"ಏನೂ ಇಲ್ಲ ಮಾರಾಯ. ಸಭೇಲಿ ಸಾಹೇಬ್ರು 'ಒಪ್ಪೋರು ಕೈ ಎತ್ತಿ' ಅಂತಾರೆ. ಆಗ ಒಂದೇ ಒಂದ್ಸಲ ಕೂಗು. ದಿನಾ ಕೂಗಲ್ವಾ, ಹಂಗೆ."

ನನಗೆ ಅರ್ಥವಾಗಲಿಲ್ಲ ಅಂತ ಹೇಳಿದರೆ ಹುಳ ಬಿದ್ದು ಸಾಯುತ್ತೇನೆ. ಅವನ ಮಾತು ಮುಗಿಯುವ ಮೊದಲೇ ನನಗೆ ಅರ್ಥವಾಗಿತ್ತು.

ಸಭೆ ಇಟ್ಟಿದ್ದು ಸರ್ಕಾರಿ ಕಚೇರಿಯ ಹಾಲ್‌ನಲ್ಲಿ, ನಾವು ಕೆಲಸ ಮುಗಿಸಿ ಬಂದ ಹೊತ್ತಿಗೆ, ಸಂಜೆ ನಾಲ್ಕಕ್ಕೆ. ವ್ಯಾಪಾರಿಗಳಿಗೆ ಕುರ್ಚಿ, ನಮಗೆ ನೆಲ. ಬರೀ ನೆಲವೂ ಅಲ್ಲ. ಜವಾನ ಮೂಗು ಮುರಿಯುತ್ತಾ ಹಳೇ ಪೇಪರು ಹಾಸಿದ. "ಇದ್ರ ಮೇಲೇ ಕೂರ್ರೋ, ನಿಮ್ಮ ಕುಂಡಿ ಮಸಿ ಎಲ್ಲಾ ಟೈಲ್ಸಿಗೆ ಹತ್ತುತ್ತೆ" ಅಂದ. ಕೂತೆವು. ಸರ್ಕಾರ ಕಳಿಸಿದ ಸಾಹೇಬರು ಕಾಯ್ದೆಯನ್ನು ಓದಿದರು. ಓದಿದರು, ಓದಿದರು, ಓದುತ್ತಲೇ ಇದ್ದರು. ತಲೆಯ ಮೇಲೆ ಫ್ಯಾನಿನ ಗಾಳಿ, ಬೆಳಿಗ್ಗೆ ಐದರಿಂದ ಎತ್ತಿದ ಮೈ. ಒಬ್ಬೊಬ್ಬರೇ ಪಕ್ಕದವನ ಹೆಗಲಿಗೆ ಜೋಲತೊಡಗಿದರು. ಒಂಬತ್ತನೇ ಕಲಮಿಗಾಗಿ ಕಾಯುತ್ತಿದ್ದ ಭಾಮೈದನ ತಲೆಯೂ ಆರನೇ ಕಲಮಿನ ಹೊತ್ತಿಗೆ ಎದೆಗೆ ಬಿದ್ದಿತ್ತು.

"ಒಪ್ಪುವವರು ದಯವಿಟ್ಟು ಕೈ ಎತ್ತಿ" ಅಂದರು ಸಾಹೇಬರು.

ಒಂದು ಕೈಯೂ ಏಳಲಿಲ್ಲ. ಏಜೆಂಟ ನನ್ನ ಕಡೆ ನೋಡಿದ. ನಾನು ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಬೆನ್ನು ಉರಿಯುತ್ತಿತ್ತು.

"ಹಿಡೀ... ಐಸಾ!"

ಮೂವತ್ತೊಂದು ಜನರ ಅರವತ್ತೆರಡು ಕೈ ಮೇಲಕ್ಕೆ ಹೋದವು. ಎಲ್ಲರಿಗಿಂತ ಮೊದಲು ಎದ್ದದ್ದು ಭಾಮೈದನ ಕೈ. ಎಚ್ಚರವಾಗಿ, ಗಾಳಿಯಲ್ಲಿ ನಿಂತ ತನ್ನ ಕೈಗಳನ್ನು ತಾನೇ ನೋಡಿ ಪಕಪಕ ನಕ್ಕ. ಎಲ್ಲರೂ ನಕ್ಕರು. "ಐಸಣ್ಣಾ, ಎಬ್ಬಿಸಿಬಿಟ್ಯಲ್ಲೋ ಬೇವರ್ಸಿ!" ಅಂತ ಯಾರೋ ಕೂಗಿದ. ಆ ನಗುವಿನ ಮಧ್ಯೆಯೇ ಫೋಟೋದವನು ಪಟಪಟ ಹೊಡೆದುಕೊಂಡ. ಗುಮಾಸ್ತ ಎದ್ದು ನಿಂತು ಬೆರಳು ತೋರಿಸಿ ಎಣಿಸಿ ಬರೆದುಕೊಂಡ.

ಮಾರನೇ ದಿನ ಪೇಪರಿನಲ್ಲಿ ಬಂತು: 'ಎರಡೂ ಕೈ ಎತ್ತಿ ಕಾಯ್ದೆ ಸ್ವಾಗತಿಸಿದ ಕಾರ್ಮಿಕರು. ಪರವಾಗಿ ಅರವತ್ತೆರಡು, ವಿರೋಧ ಇಲ್ಲ.' ಮೇಲೆ ನಮ್ಮವರು ಹಲ್ಲು ಕಿರಿದು ನಗುತ್ತಿರುವ ಫೋಟೋ.

ಗುಂಪಿನವರು ನನ್ನನ್ನು ಬೈದರೇ? ಇಲ್ಲ. "ನಿನ್ನ ತಮಾಷೆ ನಮ್ಮ ಕುತ್ತಿಗೆಗೇ ಬಂತಲ್ಲೋ ಐಸಣ್ಣಾ" ಅಂದರು, ಅಷ್ಟೇ. ತಮಾಷೆ ಅಂದುಕೊಂಡಿದ್ದರು. ನಾನು ಹಾಗೆ ಬೇಕೆಂದು ಮಾಡಬಲ್ಲೆ ಅನ್ನುವುದು ಒಬ್ಬನ ತಲೆಗೂ ಹೊಳೆದಿರಲಿಲ್ಲ. ಚಪ್ಪಲಿಯಲ್ಲಿ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಭಾಮೈದ ಮನೆಗೆ ಬಂದ. ಅಕ್ಕ ಬಡಿಸಿದ್ದನ್ನು ಮುಟ್ಟಲಿಲ್ಲ. ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಬೇಡ ಬೇಡ ಅಂತ ಶೆಡ್ಡೆಲ್ಲಾ ಬಾಯಿ ಬಡ್ಕೊಂಡೋನು ನಾನು. ಎಲ್ರಿಗಿಂತ ಮುಂಚೆ ಎತ್ತಿದ್ದೂ ನಾನೇ. ಇದು ನನ್ನ ಕೈನಾ ಅಕ್ಕ? ಇದನ್ನ ಯಾರ್ ಸಾಕಿದ್ದು?"

ಅಂದವನೇ ಬಾಗಿಲ ಚೌಕಟ್ಟಿಗೆ ಗುದ್ದಿದ. ಮತ್ತೆ ಗುದ್ದಿದ. ಅವಳು ಓಡಿಹೋಗಿ ಕೈ ಹಿಡಿದುಕೊಳ್ಳುವಷ್ಟರಲ್ಲಿ ಬೆರಳ ಗೆಣ್ಣುಗಳಿಂದ ರಕ್ತ ಇಳಿಯುತ್ತಿತ್ತು. ಹಳೇ ಸೀರೆ ಹರಿದು ಕಟ್ಟುತ್ತಾ ಅವಳು ನನ್ನ ಕಡೆ ತಿರುಗಿ, "ನಿಂಗೂ ಎಲ್ಲಿ ತಮಾಷೆ ಮಾಡ್ಬೇಕು ಅನ್ನೋ ಬುದ್ಧಿ ಬೇಡ್ವಾ?" ಅಂದಳು.

"ಭಾವನ್ನ ಬೈಬೇಡ ಅಕ್ಕಾ" ಅಂದ ಅವನು. "ಕೂಗಿದ್ದು ಭಾವನ ಅಭ್ಯಾಸ. ಎದ್ದಿದ್ದು ನನ್ನ ಕೈ."

ಆಗ ಹೇಳಬೇಕಿತ್ತು. ತುಟಿಯವರೆಗೂ ಬಂತು. ತುತ್ತಿನ ಜೊತೆಗೆ ಅದನ್ನೂ ನುಂಗಿದೆ. ಇನ್ನೊಂದು ಸಲ ಬಡಿಸಿಕೊಂಡೆ ಕೂಡ.

ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ ಇತ್ತು. ಭಾಮೈದ ಕಟ್ಟು ಹಾಕಿದ ಕೈಯಲ್ಲೇ ಬರೆದ: ನಾವು ನಿದ್ದೆಯಲ್ಲಿದ್ದೆವು, ನಮ್ಮವನು ತಮಾಷೆಗೆ ಕೂಗಿದ, ಕೂಗಿದರೆ ಕೈ ಏಳುವುದು ನಮ್ಮ ಕೆಲಸದ ಅಭ್ಯಾಸ, ಅದು ಒಪ್ಪಿಗೆಯಲ್ಲ. ಮೂವತ್ತೊಂದು ಜನ ಹೆಬ್ಬೆಟ್ಟು, ಸಹಿ ಹಾಕಿದರು. ಕೆಳಗೆ ನಾನೂ ಹಾಕಿದೆ.

ವಿಚಾರಣೆಗೆ ಮತ್ತೆ ಅದೇ ಹಾಲ್, ಅದೇ ಸಾಹೇಬರು. ತಮ್ಮದೇ ಸಭೆಯ ಮೇಲೆ ಬಂದ ತಕರಾರಿಗೆ ತಾವೇ ತೀರ್ಪುಗಾರರು. ಏಜೆಂಟ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಬಾಗಿಲ ಹತ್ತಿರ ಕೂತಿದ್ದ ಭಾಮೈದ ಎದ್ದು ನಿಂತ. "ನಾವಿರೋದು ಮೂವತ್ತೊಂದು ಜನ ಸಾಮಿ. ಅರವತ್ತೆರಡು ಮತ ಎಲ್ಲಿಂದ ಬಂತು?"

"ಗುಮಾಸ್ತರ ತಪ್ಪು. ಮೂವತ್ತೊಂದು ಅಂತ ತಿದ್ದಿಸ್ತೀನಿ. ಸರ್ವಾನುಮತ ಅನ್ನೋದು ಹಾಗೇ ಇರುತ್ತೆ."

"ಒಪ್ಪಿಗೆ ಅಂದ್ರೆ ಯಾರಾದ್ರೂ ಎರಡು ಕೈ ಎತ್ತಾರಾ ಸಾಮಿ? ಅದು ಪೆಟ್ಟಿಗೆ ಎತ್ತೋ ಕೈ."

"ಉತ್ಸಾಹ ಇದ್ರೆ ಎತ್ತುತ್ತಾರೆ. ಫೋಟೋದಲ್ಲಿ ನಗ್ತಾ ಇದೀರಲ್ಲಯ್ಯಾ." ಸಾಹೇಬರು ಕನ್ನಡಕ ಸರಿಸಿ ನನ್ನನ್ನು ಹುಡುಕಿದರು. "ಕೂಗಿದೋನು ನೀನೇನಾ? ತಮಾಷೆಗೆ ಕೂಗಿದೆಯಾ?"

ಹೌದು ಅಂದಿದ್ದರೆ ಸಾಕಿತ್ತು. ಅರ್ಜಿಯಲ್ಲಿ ಬರೆದಿದ್ದೂ ಅದನ್ನೇ. ಭಾಮೈದ ನನ್ನ ಕಡೆ ತಿರುಗಿ, ಹೇಳು ಭಾವ ಅನ್ನುವ ಹಾಗೆ ತಲೆಯಾಡಿಸಿದ. ಕಟ್ಟು ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ತಮಾಷೆಗಲ್ಲ ಸಾಮಿ. ಈ ಏಜೆಂಟ್ರು ಕೂಗು ಅಂದ್ರು, ಕೂಗ್ದೆ. ಗೇಟಲ್ಲಿ ಕುರ್ಚಿ ಹಾಕಿಸ್ತೀನಿ ಅಂದಿದ್ರು. ಕುರ್ಚಿ ಆಸೆಗೆ ಬೇಕಂತ್ಲೇ ಕೂಗ್ದೆ. ನಮ್ಮೋರ್ದ್ಯಾರ್ದೂ ತಪ್ಪಿಲ್ಲ. ಎದ್ದಿದ್ದು ಇವ್ರ ಕೈ ಅಲ್ಲ, ನನ್ನ ಬಾಯಿ."

ನಾನು ಭಾಮೈದನ ಮುಖ ನೋಡಲಿಲ್ಲ. ಅವನು ನೆಲಕ್ಕೆ ಕುಸಿದು ಕೂತದ್ದು ಮಾತ್ರ ಗೊತ್ತಾಯಿತು. ಹಿಂದಿನಿಂದ ಯಾರೋ "ಥೂ, ಸೂಳೆಮಗನೆ" ಅಂದ, ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು.

ಏಜೆಂಟ ನಕ್ಕ. "ನೋಡಿ ಸಾರ್, ಎಂಥಾ ಕತೆ ಕಟ್ತಾನೆ!"

ಸಾಹೇಬರು ನಗಲಿಲ್ಲ. ಕುರ್ಚಿಯಲ್ಲಿ ಮುಂದೆ ಬಾಗಿದರು. "ಒಬ್ಬನ ಬಾಯಿಗೆ ಮೂವತ್ತೊಂದು ಜನ ಕೈ ಎತ್ತುತ್ತಾರಾ? ಇವರೇನು ಮನುಷ್ಯರೋ ಗೊಂಬೆಗಳೋ? ಸರಿ. ಈಗ ಕೂಗು, ನೋಡೋಣ. ಎತ್ತಿದ್ರೆ ನೀನು ಹೇಳಿದ್ದು ನಿಜ, ಆ ಒಪ್ಪಿಗೆ ರದ್ದು ಮಾಡ್ತೀನಿ. ಎತ್ತಲಿಲ್ಲ ಅಂದ್ರೆ ಅವತ್ತು ಮನಸಾರೆ ಎತ್ತಿದ್ರು ಅಂತ ಅರ್ಥ."

ನಾನು ನಮ್ಮವರ ಕಡೆ ತಿರುಗಿದೆ. ಎತ್ತಿ ಅಂತ ಕಣ್ಣಲ್ಲೇ ಬೇಡಿಕೊಂಡೆ. ಇದೊಂದು ಸಲ ಎತ್ತಿಬಿಡ್ರೋ, ಆಮೇಲೆ ನನ್ನನ್ನು ಕೊಂದು ಹಾಕಿ. ಯಾರೂ ನನ್ನ ಕಣ್ಣು ನೋಡುತ್ತಿರಲಿಲ್ಲ.

"ಹಿಡೀ..." ಅಂದೆ. ಶೆಡ್ಡಿನಲ್ಲಿ ಕೂಗುವ ಹಾಗೇ, ಛಾವಣಿ ನಡುಗುವಂತೆ ಕೂಗಿದೆ. "ಐಸಾ!"

ಮೂವತ್ತೊಂದು ಜನರ ಹೆಗಲುಗಳು ಮೇಲಕ್ಕೆ ಜಗ್ಗಿದವು. ಕಣ್ಣಾರೆ ನೋಡಿದೆ, ಏಳಲು ಹೊರಟ ಕೈಗಳನ್ನು ಅವರು ಅದುಮಿ ಹಿಡಿದರು. ಒಬ್ಬ ತೊಡೆಯ ಕೆಳಗೆ ಒತ್ತಿಕೊಂಡ. ಒಬ್ಬ ಕಂಕುಳಲ್ಲಿ ಸಿಕ್ಕಿಸಿಕೊಂಡ. ಭಾಮೈದ ಗಾಯದ ಕೈಯನ್ನು ನೆಲಕ್ಕೆ ಒತ್ತಿ ಅದರ ಮೇಲೆ ಮಂಡಿ ಊರಿದ್ದ. ಕಟ್ಟಿದ ಬಟ್ಟೆ ಕೆಂಪಾಗುತ್ತಿತ್ತು. ಒಂದು ಕೈಯೂ ಏಳಲಿಲ್ಲ.

ತಮಾಷೆಗೇ ಕೂಗಿದ್ದು ಅಂತ ನಾನು ಸುಳ್ಳು ಹೇಳಿದ್ದರೆ ಎಲ್ಲರೂ ನನ್ನ ಕೂಗಿಗೆ ಎತ್ತುತ್ತಿದ್ದರು.

"ಸಾಬೀತಾಗಲಿಲ್ಲ" ಅಂದರು ಸಾಹೇಬರು. ಗುಮಾಸ್ತ ಬರೆದುಕೊಂಡ. "ಮುಗೀತು. ಎಲ್ಲ ಏಳಿ, ಹೊರಡಿ."

ಯಾರೂ ಏಳಲಿಲ್ಲ.

"ಕಿವಿ ಕೇಳಲ್ವಾ? ಏಳಿ ಅಂದೆ."

ಮೂವತ್ತೊಂದು ಜನ ಹಾಗೇ ಕೂತಿದ್ದರು. ಜವಾನ ಬಂದು ಮುಂದಿನವನ ರಟ್ಟೆ ಹಿಡಿದು ಎಳೆದ. ಮಾಲು ಎತ್ತಿ ಎತ್ತಿ ಕಲ್ಲಾದ ರಟ್ಟೆ, ಅಲುಗಲಿಲ್ಲ. ಸಾಹೇಬರ ಮುಖ ಕೆಂಪೇರಿತು. "ಏಯ್, ನೀನು ಹೇಳಯ್ಯಾ ಇವರಿಗೆ. ಕೂಗು, ಏಳಿಸು. ಪೊಲೀಸರನ್ನ ಕರೆಸ್ಬೇಕಾಗುತ್ತೆ."

"ಕೂಗೋ" ಅಂದ ಏಜೆಂಟ. "ಕುರ್ಚಿ ಮಾತು ಇನ್ನೂ ಹಂಗೇ ಇದೆ."

ನಾನು ಬಾಯಿ ಮುಚ್ಚಿದೆ. ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದೆ, ಬೆನ್ನು ಚುಳ್ಳೆಂದಿತು. ಭಾಮೈದನ ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆ ತಿರುಗಲಿಲ್ಲ, ಜಾಗವನ್ನೂ ಬಿಡಲಿಲ್ಲ. ಅರ್ಧ ಹೊಸ್ತಿಲ ಮೇಲೆ, ಅರ್ಧ ನೆಲದ ಮೇಲೆ ಕೂತೆ. ಸಾಹೇಬರು ಫೋನು ಕೈಗೆತ್ತಿಕೊಂಡು ಪೊಲೀಸರಿಗೆ ಕಚೇರಿಯ ವಿಳಾಸ ಹೇಳತೊಡಗಿದರು.