ಮೊದಲು ಮುಟ್ಟಿದವನು ಕಾಯಬೇಕು

ಪಾಂಡವಪುರದಲ್ಲಿ ಬಸ್ಸಿಳಿದ ಶಿವಣ್ಣ ಸೇವಂತಿಗೆ ಹಾರದ ಪೊಟ್ಟಣವನ್ನು ಎದೆಗವಚಿಕೊಂಡು ವಜೀರ್ ಪಾಷಾನ ಮನೆಯ ಕಡೆ ದಾಪುಗಾಲು ಹಾಕಿದ. ಎಪ್ಪತ್ತು ದಾಟಿದ ಕಾಲಿಗೆ ದಾಪುಗಾಲೆಂದರೆ ಎಷ್ಟು, ಬಿಡಿ. ಪಾಷಾ ತೀರಿಕೊಂಡನೆಂದು ಅವನ ಮಗ ಕಲೀಂ ಬೆಳಿಗ್ಗೆಯೇ ಶಿವಣ್ಣನ ಊರು ಚಿನಕುರಳಿಗೆ ಫೋನು ಮಾಡಿದ್ದ. ಕೊನೆಯದಾಗಿ ಒಂದು ಸಲ ಮುಖ ನೋಡಬೇಕು, ಅಷ್ಟೇ ಅವನಿಗೆ ಬೇಕಾಗಿದ್ದು.

ಬಾಗಿಲಲ್ಲಿ ಹೆಂಗಸರ ಚಪ್ಪಲಿಗಳಷ್ಟೇ ಇದ್ದವು. ಗೋಡೆಗೆ ಪಾಷಾನ ಸೈಕಲ್ ಒರಗಿತ್ತು. ಒಂದು ಕಾಲಕ್ಕೆ ಅದರ ಮೇಲೆ ಅವನು ಕೂತರೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ರೇಸಿನಲ್ಲೂ ಹಿಂದಿಕ್ಕುವವರಿರಲಿಲ್ಲ. ಎರಡನೆಯವನು ಯಾವಾಗಲೂ ಶಿವಣ್ಣನೇ. ಇಬ್ಬರ ನಡುವೆ ಒಂದು ಕರಾರಿತ್ತು: ಮೊದಲು ಮುಟ್ಟಿದವನು ಅಲ್ಲೇ ಕಾಲೂರಿ ಕಾಯಬೇಕು, ಸೋತವನು ಬಂದ ಮೇಲೇ ಇಬ್ಬರೂ ನೀರು ಕುಡಿಯಬೇಕು. ಎಂಥ ಬಿಸಿಲಿನಲ್ಲೂ ಪಾಷಾ ಕಾದಿದ್ದಾನೆ.

ಮೊದಲ ಮಗುವಾದಾಗ ಅವನು ಅದೇ ಸೈಕಲ್ಲಿಗೆ ಹಿಂದೆ ಕ್ಯಾರಿಯರು, ಮುಂದೆ ಪುಟ್ಟ ಸೀಟು ಹಾಕಿಸಿದ.

"ರೇಸು ಬುಟ್ಬುಟ್ಟೆಯೇನ್ಲಾ?" ಎಂದು ಶಿವಣ್ಣ ಸಿಡುಕಿದ್ದ.

"ಜೋರಾಗಿ ಓಡಿಸಿದ್ರೆ ಬೀಬಿ ಬಿದ್ದೋಗ್ತಾಳೆ ಕಣ್ಲಾ," ಎಂದು ಪಾಷಾ ನಕ್ಕಿದ್ದ. ಆಮೇಲೆ ಅವನು ಓಡಿಸಿದ್ದು ಸಂಸಾರವನ್ನೇ.

ಪಾಷಾನ ಮಗಳು ಆಲಿಯಾ ಹೊರಗೆ ಬಂದಳು. "ಚಾಚಾ, ಆಗ್ಲೇ ಜನಾಜಾ ತಗೊಂಡೋದ್ರಲ್ಲಾ! ಮಧ್ಯಾಹ್ನದ ನಮಾಜಾದ ಕೂಡ್ಲೇ ಅಂತ ಕಲೀಂ ಫೋನಲ್ಲಿ ಏಳ್ಲಿಲ್ವಾ?"

"ಏಳ್ದ ಮಗಾ. ನೀನು ಬೆಳ್ಳೂರಿಂದ ಬರ್ಬೇಕಲ್ಲ, ಎಣ್ಮಗಳು ಬರೋಗಂಟ ಎತ್ತಾಕಿಲ್ಲ ಅಂದ್ಕಂಡೆ. ನಮ್ಮಲ್ಲಿ ಅಂಗೇಯ."

"ನಾನು ಬೆಳಿಗ್ಗೇನೇ ಬಂದ್ಬುಟ್ಟೆ ಚಾಚಾ."

ಶಿವಣ್ಣನ ತಾಯಿ ಸತ್ತಾಗ ತಂಗಿ ಬರುವವರೆಗೆ, ಕತ್ತಲಾದರೂ, ಎಲ್ಲರೂ ಕಾದಿದ್ದರು. ಇಲ್ಲಿಯೂ ಹಾಗೇ ಅಂದುಕೊಂಡು, ನಿಧಾನಕ್ಕೆ ಸ್ನಾನ ಮಾಡಿ, ಹಾರ ಕಟ್ಟಿಸಿಕೊಂಡು ಬಂದ ತನ್ನ ಬುದ್ಧಿಗೆ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕೆನಿಸಿತು. ಅವನು ಕಬರಸ್ಥಾನದ ಕಡೆ ಓಡಿದ.

ಗೇಟಿನಲ್ಲಿ ಪಾಷಾನ ಮಗ ಕಲೀಂ ಕೈಯ ಮಣ್ಣು ಕೊಡವುತ್ತ ಎದುರಾದ. ಶಿವಣ್ಣನನ್ನು ಒಳಗೆ ಕರೆದೊಯ್ದ. ಗೋರಿಯ ಮೇಲೆ ಆಗಷ್ಟೇ ನೀರು ಚಿಮುಕಿಸಿದ್ದರು.

"ಒಂದೇ ಒಂದ್ಸಲ ಮಕ..."

"ಇನ್ನ ಆಗಲ್ಲ ಚಾಚಾ."

ಶಿವಣ್ಣ ಏದುಸಿರು ಬಿಡುತ್ತ ಮಣ್ಣಿಗೇ ಬೈದ. "ಒಂದ್ಗಳಿಗೆ ಕಾಯಕ್ಕಾಗ್ನಿಲ್ವೇನ್ಲಾ ನಿಂಗೆ?" ಪೊಟ್ಟಣ ಬಿಚ್ಚಿ ಹಾರ ಇಟ್ಟ.

ಕಲೀಂ ನೀರಿನ ಬಾಟಲಿ ಚಾಚಿದ. "ಬಾಯಿ ಒಣಗೋಗದೆ. ಕುಡೀರಿ ಚಾಚಾ."

ಶಿವಣ್ಣ ಇಸಿದುಕೊಂಡ. ಮುಚ್ಚಳ ತೆಗೆಯದೆ ಬಿಸಿಲಲ್ಲಿ ಹಾಗೇ ನಿಂತ.