ನೀರಿನ ದಾರಿಗೆ ಬಿದ್ದ ನಟ್ಟು

ಮೂವತ್ತೆಂಟನೇ ಇಸವಿಯ ಮಾರ್ಚ್ ತಿಂಗಳು. ಮಲವಗೊಪ್ಪ ದಾಟುತ್ತಿದ್ದಂತೆ ಕಾರಿನ ಮುಂದೆ ಹಬೆ ಎದ್ದಿತು. ಡ್ರೈವರ್ ಓಬಯ್ಯ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ರಬ್ಬರ್ ಕೊಳವೆ ಸೀಳಿತ್ತು.

ಹಿಂದೆ ಕೂತಿದ್ದವರು ಶಿವಮೊಗ್ಗದ ಜಮೀನ್ದಾರ ಕೃಷ್ಣಪ್ಪ ಮತ್ತು ಅವರ ಹೆಂಡತಿ ವಸಂತಮ್ಮ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ವಸಂತಮ್ಮನ ಅಣ್ಣ ಹೊನ್ನಯ್ಯನ ಮಗಳಿಗೆ ಅವತ್ತು ನಿಶ್ಚಿತಾರ್ಥ. ತಂಗಿಯನ್ನು ಕರೆತರಲು ಹೊನ್ನಯ್ಯನೇ ತನ್ನ ಕಾರು, ಡ್ರೈವರನ್ನು ಕಳಿಸಿದ್ದ.

"ಹೊಸ ಕೊಳವೆ ಐತೆ. ಇಂಜಿನ್ ಆರಿದ ಮೇಲೆ ಹಾಕ್ತೀನಿ," ಎಂದ ಓಬಯ್ಯ.

ಆರುವವರೆಗೂ ಕೃಷ್ಣಪ್ಪ ಬಯ್ಯುತ್ತಲೇ ಇದ್ದರು. ಓಬಯ್ಯ ಹಳೆ ಕೊಳವೆ ಬಿಚ್ಚಿ, ಅದರ ಪಟ್ಟಿ ಬಿಗಿಯುವ ಪುಟ್ಟ ಹಿತ್ತಾಳೆ ನಟ್ಟನ್ನು ಬಟ್ಟೆಯ ಮೇಲಿಟ್ಟ. "ಇಷ್ಟಕ್ಕೆ ಇಷ್ಟು ಹೊತ್ತಾ? ನಾನೇ ಹಾಕ್ತೀನಿ!" ಎಂದು ಕೃಷ್ಣಪ್ಪ ಅದನ್ನು ಎತ್ತಿಕೊಂಡು ಬಗ್ಗಿದರು. ಬೆವರಿದ ಬೆರಳಿಂದ ನಟ್ಟು ಜಾರಿ, ಇಂಜಿನ್ನಿನ ತಲೆಯ ಮೇಲೆ ಬಾಯ್ತೆರೆದಿದ್ದ ನೀರಿನ ತೂತಿಗೆ ಬಿತ್ತು.

ಅಷ್ಟರಲ್ಲಿ ದಾರಿಹೋಕರು ಏಳೆಂಟು ಜನ ಸೇರಿದ್ದರು. ಕೃಷ್ಣಪ್ಪ ಅವರತ್ತ ಒಮ್ಮೆ ನೋಡಿ, ತಿರುಗಿ ಓಬಯ್ಯನ ಕೆನ್ನೆಗೆ ಬಾರಿಸಿದರು.

"ನಟ್ಟು ಬೀಳಿಸ್ತೀಯೇನೋ, ಕುರುಡ!"

ಓಬಯ್ಯನ ಕೈ ಸ್ಪಾನರನ್ನು ಬಿಗಿಯಾಗಿ ಹಿಡಿಯಿತು. ಅವನು ಸ್ಪಾನರನ್ನು ನೆಲಕ್ಕೆ ಎಸೆದು, ಗಾಡಿಯ ಕೆಳಗೆ ತೂರಿ, ನಲ್ಲಿ ತಿರುಗಿಸಿ ಉಳಿದ ನೀರನ್ನೆಲ್ಲ ಬಸಿದ. ತೂತಿನೊಳಗೆ ಇಣುಕಿದರೆ ತಿರುವಿನಲ್ಲಿ ಹಿತ್ತಾಳೆ ಮಿನುಗಿತು. ತಂತಿ ಬಿಟ್ಟು ನೋಡಿದ. ನಟ್ಟು ಇನ್ನಷ್ಟು ಆಚೆ ಸರಿಯಿತು. ಕಬ್ಬಿಣದ್ದಾಗಿದ್ದರೆ ಅಯಸ್ಕಾಂತಕ್ಕೆ ಬರುತ್ತಿತ್ತು.

"ಅಮ್ಮಾವ್ರೆ, ನಿಮ್ಮ ಕುಂಕುಮದ ಭರಣೀಲಿ ಮೇಣ ಐತಾ?"

ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚುವ ಮೇಣದ ಉಂಡೆಯನ್ನು ವಸಂತಮ್ಮ ಕೊಟ್ಟಳು. ಓಬಯ್ಯ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ತೇವ ಒರೆಸಿದ. ಇನ್ನೊಂದು ಕಡ್ಡಿಯ ತುದಿಗೆ ಮೇಣ ಮೆತ್ತಿ, ಉಸಿರು ಬಿಗಿಹಿಡಿದು ಇಳಿಸಿ, ಒತ್ತಿ ಎತ್ತಿದ. ಎರಡು ಸಲ ಬರೀ ಕಡ್ಡಿಯೇ ಬಂತು. ಮೂರನೇ ಸಲ ನಟ್ಟು ಅಂಟಿಕೊಂಡು ಬಂತು.

ಹೊಸ ಕೊಳವೆ ಬಿಗಿದು, ನೀರು ತುಂಬಿ, ಇಂಜಿನ್ ಶುರು ಮಾಡಿ ನೋಡಿದ. ಒಂದು ಹನಿಯೂ ಸೋರಲಿಲ್ಲ. ಕೃಷ್ಣಪ್ಪ ಹತ್ತಲು ಬಂದಾಗ ಓಬಯ್ಯ ಬಾಗಿಲಿಗೆ ಅಡ್ಡ ನಿಂತ.

"ಬೀಳಿಸಿದ್ದು ಯಾರು ಅಂತ ಈ ಜನರ ಮುಂದೆ ಹೇಳಿ. ಆಮೇಲೆ ಹತ್ತಿ."

"ಎಷ್ಟೋ ನಿನಗೆ ಕೊಬ್ಬು!"

"ನಾನು ಹೇಳ್ತೀನಿ," ಎನ್ನುತ್ತ ವಸಂತಮ್ಮ ಕೆಳಗಿಳಿದಳು. "ಬೀಳಿಸಿದ್ದು ನಮ್ಮ ಯಜಮಾನರು. ಹೊಡೆದದ್ದೂ ಅವರೇ. ಮನೇಲಿ ತಮ್ಮ ತಪ್ಪು ನನ್ನ ಮೇಲೆ ಹಾಕೋ ಹಾಗೆ ಇವತ್ತು ಇವನ ಮೇಲೆ ಹಾಕಿದ್ರು."

ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೃಷ್ಣಪ್ಪನವರ ಮುಖ ಕೆಂಪಾಯಿತು. "ನೀನೊಬ್ಬಳೇ ಹೋಗು ನಿನ್ನ ತವರಿಗೆ!" ಎಂದು ಕೂಗಿ ಶಿವಮೊಗ್ಗದ ಕಡೆ ನಡೆದರು. ಅವರು ತಿರುಗಿ ನೋಡಬಹುದೆಂದು ವಸಂತಮ್ಮ ಕಾಯಲಿಲ್ಲ.

"ಹೊರಡು ಓಬಯ್ಯ, ಮುಹೂರ್ತ ಮೀರುತ್ತೆ."

ಮುಹೂರ್ತಕ್ಕೆ ಸರಿಯಾಗಿ ಅವಳು ತಲುಪಿದಳು. ಭಾವ ಎಲ್ಲಿ ಎಂದು ಅಣ್ಣ ಕೇಳಿದಾಗ ಏನನ್ನೂ ಮುಚ್ಚಿಡಲಿಲ್ಲ. ನಾಲ್ಕನೇ ದಿನ ಕೃಷ್ಣಪ್ಪ ಹೆಂಡತಿಯನ್ನು ಕರೆಯಲು ಬಸ್ಸಿನಲ್ಲಿ ಬಂದರು. "ಮೊದಲು ಓಬಯ್ಯನ ಹತ್ತಿರ ತಪ್ಪಾಯ್ತು ಅನ್ನಿ ಭಾವ. ಆಮೇಲೆ ವಸಂತ ಬರ್ತಾಳೆ," ಎಂದ ಹೊನ್ನಯ್ಯ.

ಕೃಷ್ಣಪ್ಪ ಕಾರಿನ ಶೆಡ್ಡಿಗೆ ಹೋಗಿ, ನೆಲ ನೋಡುತ್ತ ತಪ್ಪಾಯ್ತು ಎಂದು ಗೊಣಗಿದರು. ಓಬಯ್ಯ ಆಯ್ತೆಂದು ತಲೆಯಾಡಿಸಿದ. ಒಳಗಿನ ಬೆಂಕಿ ಮಾತ್ರ ಆರಲಿಲ್ಲ. ಕೃಷ್ಣಪ್ಪನವರ ಜೊತೆ ಅವನು ಮತ್ತೆಂದೂ ಮಾತಾಡಲಿಲ್ಲ.