ಹಗ್ಗ ಸುತ್ತಿದ ಹುಟ್ಟು

ಯಾರ ಕೈಗೆ ಏನನ್ನೇ ಕೊಡಲಿ, ನೀರಿನ ಲೋಟವಾಗಲಿ ಬೆಂಕಿಪೊಟ್ಟಣವಾಗಲಿ, ‘ಹಿಡ್ಕೊಂಡ್ಯಾ?’ ಎಂದು ಕೇಳಿ, ‘ಹಿಡ್ಕೊಂಡೆ’ ಎಂಬ ಉತ್ತರ ಕಿವಿಗೆ ಬೀಳುವ ತನಕ ಆತ ಬೆರಳು ಸಡಿಲಿಸುತ್ತಿರಲಿಲ್ಲ. ಆತ ದುಡಿಯುತ್ತಿದ್ದ ಸಾಬೂನಿನ ಕಾರ್ಖಾನೆಯವರಿಗೆ ಇದೊಂದು ಮೋಜು. ಬೇಕೆಂದೇ ತುಟಿ ಬಿಗಿದು ನಿಲ್ಲುವರು. ಒಂದೇ ಲೋಟಕ್ಕೆ ಇಬ್ಬರ ಕೈ! ಅವರು ಅವನನ್ನು ಕರೆಯುತ್ತಿದ್ದುದು ‘ಕ್ಯಾಪ್ಟನ್’ ಎಂದು. ಗಟ್ಟಿ ನೆಲದ ಮೇಲೂ ಕಾಲಗಲಿಸಿ, ಕೆಳಗೆ ದೋಣಿ ಹೊಯ್ದಾಡುತ್ತಿದೆಯೋ ಎಂಬಂತೆ ನಡೆಯುವವನಿಗೆ ಬೇರೆ ಯಾವ ಹೆಸರು ಒಪ್ಪೀತು?

ಹಿಂದೆ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದವನು. ದೋಣಿಯನ್ನು ಮಾರಿ, ಹುಟ್ಟೊಂದನ್ನು ಮಾತ್ರ ಉಳಿಸಿಕೊಂಡಿದ್ದ. ಕೊಪ್ಪರಿಗೆಯಲ್ಲಿ ಕುದಿಯುವ ಸಾಬೂನನ್ನು ಕಲಕುವುದಕ್ಕೂ ಅದೇ, ದಾರಿಯ ನಾಯಿಗಳನ್ನು ಗದರಿಸುವುದಕ್ಕೂ ಅದೇ, ಮಲಗುವಾಗ ಬಾಗಿಲಿಗೆ ಅಗುಳಿಯೂ ಅದೇ. ಅದರ ಅಗಲವಾದ ಅಲಗಿನ ಉದ್ದಕ್ಕೂ ಹುರಿಹಗ್ಗ ಸುತ್ತಿತ್ತು. ಸಾಬೂನಿನ ಕ್ಷಾರ ಹಗ್ಗವನ್ನು ತಿಂದುಹಾಕುವುದು. ರಜೆಯ ದಿನ ಜಗಲಿಯಲ್ಲಿ ಕೂತು, ವ್ರತವೋ ಎಂಬಂತೆ, ಹೊಸದನ್ನು ಸುತ್ತುವನು.

“ಪುಣ್ಯಾತ್ಮ, ಆ ಹಗ್ಗ ಬಿಚ್ಚಿ ಎಸಿಯೋ! ನಾರೆಲ್ಲ ಸಾಬೂನಿಗೆ ಬೀಳ್ತಿದೆ,” ಎಂದು ಮೇಸ್ತ್ರಿ ರೇಗುತ್ತಿದ್ದ.

“ಜಾರುತ್ತೆ, ಸ್ವಾಮಿ.” ಅಷ್ಟೇ ಉತ್ತರ.

ಹಿಂದೊಮ್ಮೆ ಜಾರಿದ್ದು ಅವನ ತಮ್ಮನ ಕೈ. ಮರ ನೀರು ಕುಡಿಯದಿರಲೆಂದು ಹುಟ್ಟಿಗೆ ಎಣ್ಣೆ ತಿಕ್ಕಿ, ಚೆನ್ನಾಗಿ ಒಣಗಲು ಬಿಡುವುದು ದೋಣಿಯವರ ವಾಡಿಕೆ. ಅಂದು ಬೆಳಿಗ್ಗೆ ಇವನಿಗೆ ಅವಸರ, ಒಣಗುವ ಮುನ್ನವೇ ದೋಣಿ ಬಿಟ್ಟ. ನಡುಹೊಳೆಯಲ್ಲಿ ತಮ್ಮ ಆಯತಪ್ಪಿ ಬಿದ್ದಾಗ ಹುಟ್ಟು ಚಾಚಿದ. ತಮ್ಮ ಅಲಗನ್ನು ಹಿಡಿದ, ಅಣ್ಣನ ಮುಖ ನೋಡಿದ. ಹಸಿ ಎಣ್ಣೆಯ ಮೇಲೆ ಬೆರಳು ನಿಲ್ಲಲಿಲ್ಲ, ಹೊಳೆ ಅವನನ್ನು ಒಯ್ದಿತು.

ಮುಚ್ಚಿಡುವ ಜಾಯಮಾನ ಅವನದಲ್ಲ. ಮನೆಗೆ ಬಂದು ತಮ್ಮನ ಹೆಂಡತಿಗೆ ಎಲ್ಲವನ್ನೂ ತಾನೇ ಹೇಳಿದ. ಅಂದಿನಿಂದ ಆಕೆ ಅವನೊಡನೆ ಮಾತು ಬಿಟ್ಟಳು. ಒಂದೇ ಸೂರಿನಡಿ ಹೊತ್ತುಹೊತ್ತಿಗೆ ಬಡಿಸುವಳು, ತುಟಿಪಿಟಕ್ಕೆನ್ನಳು. ಇವನೋ ಉತ್ತರ ಕೇಳದೆ ಕೈಬಿಡಲಾರದವನು! ಹಾಗಾಗಿ ಆಕೆಗೆಂದು ತಂದ ಸೊಪ್ಪು, ಬಟ್ಟೆ, ಔಷಧಿ ಎಲ್ಲವನ್ನೂ ಹೊಸಿಲ ಮೇಲಿಟ್ಟು ಹಿಂದೆ ಸರಿಯುವನು. ಆಕೆಯ ಬಾಯಿಂದ ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು ಆ ಜೀವಕ್ಕೆ, ಬೈಗುಳವಾದರೂ ಸರಿ.

ವರ್ಷಗಳು ಉರುಳಿ, ಕೊಪ್ಪರಿಗೆಯ ಹಬೆ ಎದೆಗಿಳಿದು ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ, ಬಿಸಿನೀರು ತಂದ ಅವಳತ್ತ ಮಲಗಿದಲ್ಲಿಂದಲೇ ಹುಟ್ಟನ್ನು ಚಾಚಿದ.

“ಹಿಡ್ಕೊಂಡ್ಯಾ?”

ಆಕೆ ಲೋಟವನ್ನು ಕೆಳಗಿಟ್ಟಳು. ಹಗ್ಗ ಸುತ್ತಿದ ಅಲಗನ್ನು ಎರಡೂ ಕೈಗಳಿಂದ ಹಿಡಿದಳು.

“ಹಿಡ್ಕೊಂಡಿದೀನಿ, ಭಾವ. ಇನ್ನು ಬಿಡಿ.”

ಅವನು ಬಿಟ್ಟ. ಸಂಜೆಯೊಳಗೆ ಉಸಿರೂ ನಿಂತಿತು.

ಇಂಥವರ ತಪ್ಪನ್ನು ಲೋಕ ಎಂದೋ ಮರೆತಿರುತ್ತದೆ. ಅವರು ಮಾತ್ರ ಮರೆಯಲಾರರು. ಕ್ಷಮೆಯನ್ನು ಬಾಯಿಬಿಟ್ಟು ಬೇಡುವುದೂ ಅವರಿಗೆ ತಿಳಿಯದು. ಕೈ ಚಾಚಿಕೊಂಡೇ ಆಯುಷ್ಯ ಸವೆಸುತ್ತಾರೆ. ಅಯ್ಯೋ, ಆ ಒಂದು ಮಾತಾಡಲು ಉಳಿದವರು ಎಷ್ಟು ತಡಮಾಡುತ್ತಾರೆ!